ರಿಫಾರ್ಮ್ ಬೆಳೆದರೆ ಮುಳುಗುವುದು ಟೋರಿಗಳು ಮಾತ್ರವಾ, ಲೇಬರ್ ಕೂಡಾನಾ?

ಟ್ರೆಂಟ್ ದಂಡೆ

ಎಲ್ಲರಿಗೂ ನಮಸ್ಕಾರ. 2025ರ ಅಕ್ಟೋಬರ್ 23ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿ ಕೇರ್‌ಫಿಲಿ ಉಪಚುನಾವಣೆ ಆದಾಗಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದೇ ಮಾತು. ನೈಜೆಲ್ ಫರಾಜ್ ಅವರ ರಿಫಾರ್ಮ್ ಅನ್ನುವುದು ಟೋರಿ (ಕನ್ಸರ್ವೇಟಿವ್) ಓಟು ಒಡೆಯುವ ಪಕ್ಷ, ಅದು ಬೆಳೆದಷ್ಟೂ ಲೇಬರ್ ಪಕ್ಷಕ್ಕೆ ಲಾಭ ಅಂತ ಅರ್ಧ ಜನ ಹೇಳುತ್ತಿದ್ದಾರೆ. 2024ರ ಸಂಸತ್ ಚುನಾವಣೆಯ ಮಟ್ಟಿಗೆ ಆ ಮಾತು ಸರಿ. ಈಗಲೂ ಅದನ್ನೇ ನಂಬಿಕೊಂಡು ಕೂತರೆ ಮೋಸ ಹೋಗುತ್ತೇವೆ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ನಮ್ಮೂರಿಂದಲೇ ಶುರು ಮಾಡುತ್ತೇನೆ.

ನಾನಿರುವುದು ಮ್ಯಾನ್ಸ್‌ಫೀಲ್ಡ್‌ನಲ್ಲಿ. ನಾಟಿಂಗ್‌ಹ್ಯಾಮ್‌ಶೈರ್‌ನ ಹಳೇ ಕಲ್ಲಿದ್ದಲು ಊರು. 1923ರಿಂದ 2017ರವರೆಗೆ ಇಲ್ಲಿ ಲೇಬರ್ ಬಿಟ್ಟು ಬೇರೆಯವರು ಗೆದ್ದದ್ದೇ ಇಲ್ಲ. 2017ರಲ್ಲಿ ಮೊದಲ ಸಲ ಟೋರಿ ಬಂತು. 2019ರಲ್ಲಿ ಅದೇ ಟೋರಿ 16 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿತು. 2024ರಲ್ಲಿ ಮತ್ತೆ ಲೇಬರ್. 2025ರ ಮೇ ತಿಂಗಳಲ್ಲಿ ಇಡೀ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯತಿ ಇದ್ದಂತೆ) ರಿಫಾರ್ಮ್ ಕೈಗೆ ಹೋಯಿತು. ತೊಂಬತ್ತು ವರ್ಷ ಒಂದೇ ಕಡೆ ನಿಂತಿದ್ದ ಊರು ಎಂಟು ವರ್ಷದಲ್ಲಿ ಮೂರು ಪಕ್ಷ ನೋಡಿತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಗಣಿಯಲ್ಲಿ ದುಡಿದವರು, ಈಗ 78 ವರ್ಷ. ಇಲ್ಲಿಯವರ ರೂಢಿಯಂತೆ ನನ್ನನ್ನು 'ಮಿ ಡಕ್' ಎಂದೇ ಕರೆಯುತ್ತಾರೆ. ಬೇಸಿಗೆಯಲ್ಲಿ ತಮ್ಮ ತೋಟದ ರೂಬಾರ್ಬ್ ದಂಟುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ನಾನು ಅದರಲ್ಲಿ ಗೊಜ್ಜು ಮಾಡಿ ಒಂದು ಡಬ್ಬಿ ಅವರಿಗೂ ಕೊಡುತ್ತೇನೆ. ಮೇ ತಿಂಗಳಲ್ಲಿ ಅವರ ಕಿಟಕಿಯಲ್ಲಿ ರಿಫಾರ್ಮ್‌ನ ತಿಳಿನೀಲಿ ಪೋಸ್ಟರ್ ಕಂಡಾಗ ನನಗೆ ನಿಜವಾಗಿ ನೋವಾಯಿತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ಬೇಲಿ ಹತ್ತಿರ ಬಂದು, ಇದು ನಿನ್ನ ಮೇಲಿನ ಕೋಪ ಅಲ್ಲ ಎಂದರು. ಆಮೇಲೆ ತಮ್ಮ ಓಟಿನ ಕಥೆ ಹೇಳಿದರು. ಅಪ್ಪ ಲೇಬರ್, ತಾನೂ ಲೇಬರ್. 2016ರಲ್ಲಿ ಬ್ರೆಕ್ಸಿಟ್ ಪರ. 2019ರಲ್ಲಿ ಬೋರಿಸ್ ಜಾನ್ಸನ್‌ಗೆ, ಬದುಕಿನಲ್ಲೇ ಮೊದಲ ಸಲ ಟೋರಿ. 2024ರಲ್ಲಿ ಮನೆಯಿಂದ ಹೊರಗೇ ಹೋಗಲಿಲ್ಲ. ಆಮೇಲೆ ಲೇಬರ್ ಸರ್ಕಾರ ಬಂದ ತಿಂಗಳೊಳಗೆ ಮುದುಕರ ಚಳಿಗಾಲದ ಹೀಟಿಂಗ್ ಹಣಕ್ಕೆ ಕತ್ತರಿ ಹಾಕಿತಲ್ಲ, ಅದು ಅವರಿಗೆ ತುಂಬಾ ತಾಗಿತು. ಸರ್ಕಾರ ಒಂದು ವರ್ಷದ ಮೇಲೆ ಅದನ್ನು ಬಹುಪಾಲು ಹಿಂದಕ್ಕೆ ತಗೊಂಡಿತು, ನಿಜ. ಅಷ್ಟರಲ್ಲಿ ಇವರ ಮನಸ್ಸು ಮುರಿದಿತ್ತು.

ಈಗ ಹೇಳಿ. ಈ ಅಜ್ಜನ ಓಟನ್ನು ಟೋರಿಯಿಂದ ಒಡೆದ ಓಟು ಅಂತ ಲೆಕ್ಕ ಹಾಕಬೇಕಾ, ಲೇಬರ್‌ನಿಂದ ಒಡೆದದ್ದು ಅಂತಲಾ?

ಶಿವಮೊಗ್ಗ ಮಳೆ

ಅಕ್ಕ, ಓದಿ ಒಂಥರಾ ಆಯಿತು. ನಾನು ಬೆಂಗಳೂರಿನಲ್ಲಿ ಇರುವವನು, ಅಣ್ಣ ಲೀಡ್ಸ್‌ನಲ್ಲಿದ್ದಾನೆ, ಹಾಗಾಗಿ ಅಲ್ಲಿಯ ಸುದ್ದಿ ನೋಡುತ್ತಿರುತ್ತೇನೆ. ಒಂದು ಮೂಲ ಪ್ರಶ್ನೆ, ತಪ್ಪು ತಿಳಿಯಬೇಡಿ. 2024ರಲ್ಲಿ ರಿಫಾರ್ಮ್‌ಗೆ ಸಿಕ್ಕಿದ್ದು ಐದೇ ಸೀಟು ಅಲ್ವಾ? ಐದು ಸೀಟಿನ ಪಕ್ಷಕ್ಕೆ ದೊಡ್ಡವರು ಯಾಕೆ ಇಷ್ಟು ಹೆದರುತ್ತಾರೆ?

ಹಾಸನ ಟು ಹ್ಯಾರೋ

@ಶಿವಮೊಗ್ಗ ಮಳೆ, ಸೀಟು ನೋಡಬೇಡಿ, ಓಟು ನೋಡಿ. ರಿಫಾರ್ಮ್‌ಗೆ 41 ಲಕ್ಷ ಓಟು ಬಿತ್ತು, ನೂರಕ್ಕೆ 14.3. ಸೀಟು 5. ಲಿಬರಲ್ ಡೆಮಾಕ್ರಟ್‌ಗಳಿಗೆ 35 ಲಕ್ಷ, ಅಂದರೆ ಇವರಿಗಿಂತ ಕಡಿಮೆ ಓಟು. ಆದರೆ ಅವರಿಗೆ 72 ಸೀಟು. ಅವರ ಓಟು ಕೆಲವೇ ಕ್ಷೇತ್ರಗಳಲ್ಲಿ ಗುಂಪಾಗಿ ಬಿತ್ತು, ರಿಫಾರ್ಮ್ ಓಟು ದೇಶದ ತುಂಬ ತೆಳ್ಳಗೆ ಹರಡಿತು. ನಮ್ಮಲ್ಲಿ ಇರುವ ಪದ್ಧತಿಯೇ ಅಲ್ಲೂ. ಅವರಿಂದಲೇ ನಮಗೆ ಬಂದದ್ದು ತಾನೇ? ಕ್ಷೇತ್ರದಲ್ಲಿ ಯಾರಿಗೆ ಒಂದು ಓಟು ಜಾಸ್ತಿಯೋ ಅವರು ಗೆದ್ದರು, ಉಳಿದವರ ಓಟೆಲ್ಲ ನೀರಿಗೆ.

2013ರ ನಮ್ಮ ವಿಧಾನಸಭೆ ನೆನಪಿದೆಯಾ? ಯಡಿಯೂರಪ್ಪನವರ ಕೆಜೆಪಿ ಗೆದ್ದದ್ದು 6 ಸೀಟು, ಓಟು ಮಾತ್ರ ನೂರಕ್ಕೆ ಹತ್ತರ ಹತ್ತಿರ. ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್ 122ಕ್ಕೆ ಏರಿತು. 2024ರಲ್ಲಿ ಬ್ರಿಟನ್ನಿನಲ್ಲಿ ಆದದ್ದೂ ಅದೇ.

ಒಂದೇ ಒಂದು ಕ್ಷೇತ್ರ ತಗೊಳ್ಳಿ, ಸೌತ್ ವೆಸ್ಟ್ ನಾರ್ಫೋಕ್. ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರ ಕ್ಷೇತ್ರ. 2019ರಲ್ಲಿ 26 ಸಾವಿರ ಓಟಿನ ಅಂತರ, ಅಂದರೆ ಕಲ್ಲುಬಂಡೆಯಂಥ ಸೀಟು. 2024ರಲ್ಲಿ ಲೇಬರ್ 11,847, ಟ್ರಸ್ 11,217, ರಿಫಾರ್ಮ್ 9,958. ಇದರ ಮೇಲೆ ಟೋರಿ ಮನೋಭಾವದ ಒಬ್ಬ ಪಕ್ಷೇತರರು ಬೇರೆ 6 ಸಾವಿರ ಚಿಲ್ಲರೆ ತಗೊಂಡರು. ಲೇಬರ್ ಗೆದ್ದದ್ದು 630 ಓಟಿನಲ್ಲಿ. ಆ ಅಭ್ಯರ್ಥಿಗೆ ನೂರಕ್ಕೆ 27 ಓಟು ಕೂಡ ಬಿದ್ದಿರಲಿಲ್ಲ. ಪೋರ್ಟ್ಸ್‌ಮತ್ ನಾರ್ತ್‌ನಲ್ಲಿ ಟೋರಿ ಸಚಿವೆ ಪೆನ್ನಿ ಮೋರ್ಡಂಟ್ ಸೋತದ್ದು 780 ಓಟಿನಿಂದ, ಅಲ್ಲಿ ರಿಫಾರ್ಮ್ ತಗೊಂಡದ್ದು ಎಂಟು ಸಾವಿರಕ್ಕೂ ಮೇಲೆ. ಇಂಥವು ಹತ್ತಾರು.

ಅದಕ್ಕೇ ಲೇಬರ್‌ನ 2024ರ ಗೆಲುವನ್ನು ನಾನು ಯಾವತ್ತೂ ಅಲೆ ಅಂತ ಕರೆದಿಲ್ಲ. ನೂರಕ್ಕೆ 33.7 ಓಟಿಗೆ 411 ಸೀಟು. 2017ರಲ್ಲಿ ಆಗಿನ ಲೇಬರ್ ನಾಯಕ ಕಾರ್ಬಿನ್ ನೂರಕ್ಕೆ 40 ತಗೊಂಡು 262 ಸೀಟಿಗೆ ನಿಂತರು. 2019ರಲ್ಲಿ ಹೀನಾಯವಾಗಿ ಸೋತಾಗಲೂ ಲೇಬರ್‌ಗೆ ಒಂದು ಕೋಟಿ ಎರಡು ಲಕ್ಷದಷ್ಟು ಓಟು ಇತ್ತು. ಗೆದ್ದ 2024ರಲ್ಲಿ 97 ಲಕ್ಷ. ಓಟು ಕಡಿಮೆ ಆಯಿತು, ಸೀಟು ಎರಡರಷ್ಟು ಆಯಿತು. ಟ್ರೆಂಟ್ ದಂಡೆ ಅಕ್ಕನ ಪಕ್ಕದ ಮನೆ ಅಜ್ಜ ಆ ದಿನ ಮನೆಯಲ್ಲೇ ಕೂತದ್ದೂ ಇದೇ ಲೆಕ್ಕದಲ್ಲಿದೆ.

ಗದಗ ಗಿರಣಿ

ಹಾಸನ ಸರ್ ಅಂಕಿ ಎಲ್ಲ ಸರಿ. ಆದರೆ ಒಂದು ಕಡೆ ಎಡವುತ್ತಿದ್ದೀರಿ ಅಂತ ನನ್ನ ಭಾವನೆ. ಟೋರಿ ಓಟು ಪ್ಲಸ್ ರಿಫಾರ್ಮ್ ಓಟು ಅಂತ ಕೂಡಿಸಿ, ಇವರಿಬ್ಬರು ಒಂದಾಗಿದ್ದರೆ ಗೆಲ್ಲುತ್ತಿದ್ದರು ಅನ್ನುವ ಲೆಕ್ಕ ಕಾಗದದ ಮೇಲೆ ಚೆಂದ. ಜನ ಹಾಗೆ ಕೂಡುವುದಿಲ್ಲ. ರಿಫಾರ್ಮ್‌ಗೆ ಹಾಕಿದವರಲ್ಲಿ ಎಷ್ಟೋ ಜನ ಟೋರಿಗಳ ಹದಿನಾಲ್ಕು ವರ್ಷದ ಆಡಳಿತದ ಮೇಲಿನ ಸಿಟ್ಟಿಗೇ ಹಾಕಿದವರು. ರಿಫಾರ್ಮ್ ಕಣದಲ್ಲಿ ಇಲ್ಲದಿದ್ದರೆ ಅವರು ಮನೆಯಲ್ಲಿ ಇರುತ್ತಿದ್ದರು.

ಇನ್ನೊಂದು, ಓಟು ಒಡೆಯುವುದು ಒಂದೇ ದಿಕ್ಕಿನಲ್ಲಿ ಅಲ್ಲ. ನಾನಿರುವುದು ಲೆಸ್ಟರ್‌ನಲ್ಲಿ. ಇಡೀ ದೇಶದಲ್ಲಿ ಟೋರಿಗಳು ಸೀಟು ಕಳಕೊಳ್ಳುತ್ತಿದ್ದ ರಾತ್ರಿ, ಅವರು ಲೇಬರ್‌ನಿಂದ ಕಿತ್ತುಕೊಂಡ ಒಂದೇ ಸೀಟು ನಮ್ಮ ಲೆಸ್ಟರ್ ಈಸ್ಟ್. ಇಲ್ಲಿ ಲೇಬರ್‌ನ ಇಬ್ಬರು ಮಾಜಿ ಸಂಸದರೇ ಲೇಬರ್ ವಿರುದ್ಧ ನಿಂತಿದ್ದರು, ಕೀತ್ ವಾಜ್ ಮತ್ತು ಕ್ಲಾಡಿಯಾ ವೆಬ್. ಪಕ್ಕದ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯದ ಮೇಲೆ ನಿಂತ ಪಕ್ಷೇತರರು ಲೇಬರ್‌ನ ದೊಡ್ಡ ನಾಯಕ ಜೊನಾಥನ್ ಆಶ್‌ವರ್ತ್ ಅವರನ್ನು 979 ಓಟಿನಿಂದ ಸೋಲಿಸಿದರು. ಲೇಬರ್ ಪಾತ್ರೆಗೆ ಎರಡೂ ಕಡೆ ತೂತು ಬಿದ್ದಿದೆ. ಒಂದು ಕಡೆಯಿಂದ ರಿಫಾರ್ಮ್‌ಗೆ ಸೋರುತ್ತಿದೆ, ಇನ್ನೊಂದು ಕಡೆಯಿಂದ ಗ್ರೀನ್ ಪಕ್ಷಕ್ಕೆ, ಪಕ್ಷೇತರರಿಗೆ. ಒಂದು ತೂತು ಮುಚ್ಚಲು ಹೋದರೆ ಇನ್ನೊಂದು ದೊಡ್ಡದಾಗುತ್ತದೆ. ಟೋರಿಗಳಿಗೆ ಈ ಕಷ್ಟ ಸ್ವಲ್ಪ ಕಡಿಮೆ.

ರೆಡಿಂಗ್ ರಾಗಿ

ಟೋರಿಗಳಿಗೆ ಕಡಿಮೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರಿಗೂ ದಕ್ಷಿಣದಲ್ಲಿ ಲಿಬರಲ್ ಡೆಮಾಕ್ರಟ್‌ಗಳ ಕಾಟ ಇದೆ. ಸರ್ರೆ, ಆಕ್ಸ್‌ಫರ್ಡ್‌ಶೈರ್ ಕಡೆ ಓದಿದ, ಸ್ಥಿತಿವಂತ ಟೋರಿ ಮತದಾರರಿಗೆ ಫರಾಜ್ ಮಾತು ಹಿಡಿಸುವುದಿಲ್ಲ. ಟೋರಿ ನಾಯಕಿ ಬೇಡನಾಕ್ ಫರಾಜ್ ಕಡೆ ಒಂದು ಹೆಜ್ಜೆ ವಾಲಿದರೆ ಇವರು ಇನ್ನೊಂದು ಕಡೆ ಜಾರುತ್ತಾರೆ. ಅತ್ತ ದರಿ ಇತ್ತ ಪುಲಿ.

ಈ ಕಥೆ 2024ಕ್ಕೆ ಶುರುವಾದದ್ದೂ ಅಲ್ಲ. 2013ರ ಜನವರಿಯಲ್ಲಿ ಆಗಿನ ಟೋರಿ ಪ್ರಧಾನಿ ಕ್ಯಾಮರಾನ್ ಬ್ರೆಕ್ಸಿಟ್ ಜನಮತ ಸಂಗ್ರಹದ ಮಾತು ಕೊಟ್ಟದ್ದಕ್ಕೆ ಒಂದು ದೊಡ್ಡ ಕಾರಣ ಫರಾಜ್ ಅವರ ಆಗಿನ ಪಕ್ಷ ಯುಕಿಪ್‌ನ ಭಯ, ಜೊತೆಗೆ ಸ್ವಂತ ಸಂಸದರ ಒತ್ತಡ. ಮರುವರ್ಷ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಯುಕಿಪ್ ಮೊದಲ ಸ್ಥಾನಕ್ಕೇ ಬಂತು. 2015ರಲ್ಲಿ ಅದಕ್ಕೆ 38 ಲಕ್ಷಕ್ಕೂ ಜಾಸ್ತಿ ಓಟು, ಸೀಟು ಒಂದೇ, ಕ್ಲ್ಯಾಕ್ಟನ್. ಫರಾಜ್ ತಾವೇ ಸೌತ್ ಥಾನೆಟ್‌ನಲ್ಲಿ ಸೋತರು. ಕ್ಯಾಮರಾನ್‌ಗೆ ಬಹುಮತ ಬಂತು, ಉಪಾಯ ಫಲಿಸಿತು ಅಂತ ಎಲ್ಲರೂ ಅಂದುಕೊಂಡರು. ಒಂದೇ ವರ್ಷಕ್ಕೆ ಜನಮತ ಸಂಗ್ರಹ ಸೋತು ಕುರ್ಚಿ ಬಿಟ್ಟರು. ಸಂಸತ್ತಿನಲ್ಲಿ ಒಂದೇ ಸೀಟು ಇದ್ದ ಪಕ್ಷ ದೇಶವನ್ನು ಯುರೋಪಿಯನ್ ಒಕ್ಕೂಟದಿಂದಲೇ ಹೊರಗೆ ತಂದಿತು. ಇದಕ್ಕಿಂತ ದೊಡ್ಡ ಪರಿಣಾಮ ಇನ್ನೇನು ಬೇಕು?

2019 ಇನ್ನೂ ಚೆನ್ನಾಗಿ ತೋರಿಸುತ್ತದೆ. ಆ ಮೇ ತಿಂಗಳಲ್ಲಿ ಹುಟ್ಟಿ ಕೆಲವೇ ತಿಂಗಳಾಗಿದ್ದ ಬ್ರೆಕ್ಸಿಟ್ ಪಾರ್ಟಿ (ಈಗಿನ ರಿಫಾರ್ಮ್‌ನ ಹಳೇ ಹೆಸರು) ಯುರೋಪಿಯನ್ ಚುನಾವಣೆಯಲ್ಲಿ ನೂರಕ್ಕೆ 30 ದಾಟಿತು. ಆಳುತ್ತಿದ್ದ ಟೋರಿಗಳು ನೂರಕ್ಕೆ 9 ಕೂಡ ಮುಟ್ಟದೆ ಐದನೇ ಸ್ಥಾನಕ್ಕೆ ಬಿದ್ದರು. ತೆರೇಸಾ ಮೇ ಹೋದರು, ಬೋರಿಸ್ ಬಂದರು. ನವೆಂಬರ್‌ನಲ್ಲಿ ಫರಾಜ್ ಟೋರಿಗಳು ಗೆದ್ದಿದ್ದ 317 ಕ್ಷೇತ್ರಗಳಲ್ಲಿ ತಮ್ಮ ಅಭ್ಯರ್ಥಿಗಳನ್ನು ನಿಲ್ಲಿಸಲಿಲ್ಲ. ಬೋರಿಸ್‌ಗೆ 365 ಸೀಟು. ಆದರೆ ಹಿಂದೆ ಸರಿಯದ ಕಡೆ ನೋಡಿ. ಹಾರ್ಟ್ಲ್‌ಪೂಲ್‌ನಲ್ಲಿ ಫರಾಜ್ ಪಕ್ಷದ ರಿಚರ್ಡ್ ಟೈಸ್ ನಿಂತು ನೂರಕ್ಕೆ 25 ದಾಟಿ ತಗೊಂಡರು, ಲೇಬರ್ ಉಳಿದುಕೊಂಡಿತು. 2021ರ ಉಪಚುನಾವಣೆಯಲ್ಲಿ ಆ ಓಟು ಹೆಚ್ಚು ಕಡಿಮೆ ಟೋರಿಗಳಿಗೇ ಹೋಯಿತು, ಸೀಟೂ ಹೋಯಿತು. ಗದಗ ಗಿರಣಿ ಅವರೇ, ಜನ ಕೂಡುವುದಿಲ್ಲ ಅಂದಿರಲ್ಲ, ಹಾರ್ಟ್ಲ್‌ಪೂಲ್‌ನಲ್ಲಿ ಕೂಡಿದರು.

ಗದಗ ಗಿರಣಿ

ಒಪ್ಪಿದೆ, ಹಾರ್ಟ್ಲ್‌ಪೂಲ್ ನನ್ನ ಮಾತಿಗೆ ವಿರುದ್ಧ. ಆದರೆ ಆಗ ಬ್ರೆಕ್ಸಿಟ್ ಎಂಬ ಒಂದೇ ವಿಷಯ ಇತ್ತು, ಬೋರಿಸ್ ಅದನ್ನು ಪೂರ್ತಿ ತಮ್ಮದಾಗಿಸಿಕೊಂಡಿದ್ದರು. ಈಗ ಟೋರಿಗಳ ಕೈಯಲ್ಲಿ ಹಾಗೆ ಕೊಡಲು ಏನಿದೆ? ವಲಸೆ ಇಳಿಸುತ್ತೇವೆ ಅಂದರೆ, ನಿಮ್ಮ ಕಾಲದಲ್ಲೇ ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷ ದಾಟಿತ್ತಲ್ಲ ಅಂತ ಜನ ತಿರುಗಿ ಕೇಳುತ್ತಾರೆ. ಮಾತು ಕೊಟ್ಟು ಕೆಟ್ಟವರನ್ನು ಜನ ಎರಡನೇ ಸಲ ನಂಬುವುದು ಕಷ್ಟ.

ಎಣಿಕೆ ಮೇಜು

ಇಷ್ಟು ದಿನ ಓದುತ್ತಿದ್ದೆ ಅಷ್ಟೆ, ಇವತ್ತು ಬರೆಯುತ್ತೇನೆ. 2025ರ ಮೇ 2ರಂದು ನಾನು ಮತ ಎಣಿಕೆಗೆ ಹೋಗಿದ್ದೆ. ಇಲ್ಲಿ ಕೌನ್ಸಿಲ್‌ನವರು ಆ ದಿನಕ್ಕೆ ಅಂತ ಕೂಲಿ ಕೊಟ್ಟು ಜನ ತಗೊಳ್ಳುತ್ತಾರೆ. ಯಾವ ಊರು ಅಂತ ಹೇಳುವುದಿಲ್ಲ.

ಬ್ಯಾಡ್ಮಿಂಟನ್ ಆಡುವ ಒಂದು ಹಾಲ್. ಉದ್ದುದ್ದ ಮೇಜು. ಮೇಜಿನ ಈಚೆ ನಾವು, ಆಚೆ ಪಕ್ಷಗಳ ಏಜೆಂಟರು. ಓಟಿನ ಚೀಟಿಯ ಮುಖ ಯಾವಾಗಲೂ ಮೇಲೇ ಇರಬೇಕು, ಹಿಂದಿನ ನಂಬರು ಯಾರಿಗೂ ಕಾಣಬಾರದು. ಪೆಟ್ಟಿಗೆ ಸುರಿದು ಮೊದಲು ಒಟ್ಟು ಲೆಕ್ಕ, ಆಮೇಲೆ ಅಭ್ಯರ್ಥಿಗೊಂದು ಟ್ರೇ, ಇಪ್ಪತ್ತೈದರ ಕಟ್ಟು, ಕಟ್ಟಿಗೊಂದು ರಬ್ಬರ್ ಬ್ಯಾಂಡ್. ಆ ವಾರ್ಡಿನಲ್ಲಿ ಎಷ್ಟೋ ವರ್ಷದಿಂದ ಎರಡೇ ಟ್ರೇ ತುಂಬುತ್ತಿದ್ದವಂತೆ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಇಪ್ಪತ್ತು ವರ್ಷದಿಂದ ಎಣಿಕೆಗೆ ಬರುತ್ತಿದ್ದರು. ಮೊದಲ ಪೆಟ್ಟಿಗೆ ಅರ್ಧ ಆಗುವಷ್ಟರಲ್ಲೇ ಅವರ ಕೈ ನಿಧಾನವಾಯಿತು. ರಿಫಾರ್ಮ್ ಟ್ರೇ ತುಂಬಿ ಇನ್ನೊಂದು ಟ್ರೇ ತರಬೇಕಾಯಿತು. ಆಚೆ ನಿಂತಿದ್ದ ಟೋರಿ ಏಜೆಂಟ್, ಅರವತ್ತು ದಾಟಿದ ಮನುಷ್ಯ, ಕಾಗದದ ಮೇಲೆ ಐದೈದು ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ಒಂದು ಹಂತದಲ್ಲಿ ಪೆನ್ಸಿಲ್ ಜೇಬಿಗೆ ಹಾಕಿಕೊಂಡು ಸುಮ್ನೆ ನಿಂತರು. ಲೇಬರ್ ಏಜೆಂಟ್ ಹುಡುಗಿ ಹೊರಗೆ ಹೋಗಿ ಅತ್ತು ಬಂದಂತಿತ್ತು. ಅವರಿಬ್ಬರೂ ಒಬ್ಬರ ಪಕ್ಕ ಒಬ್ಬರು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ಹೋರಾಡಿದವರು ಆ ದಿನ ಒಟ್ಟಿಗೆ ಸೋತರು.

ಅದಕ್ಕೇ ನಾನು ಟ್ರೆಂಟ್ ದಂಡೆ ಅವರ ಕಡೆ.

ಹಾಸನ ಟು ಹ್ಯಾರೋ

ಎಣಿಕೆ ಮೇಜು ಅವರೇ, ತುಂಬಾ ಥ್ಯಾಂಕ್ಸ್. ನೀವು ಹೇಳಿದ್ದಕ್ಕೆ ಅದೇ ದಿನದ ಎರಡು ಫಲಿತಾಂಶ ಸೇರಿಸುತ್ತೇನೆ, ಪಕ್ಕಪಕ್ಕ ಇಟ್ಟು ನೋಡಿ.

ಕೆಂಟ್. ಲಂಡನ್ನಿನ ಕೆಳಗೆ, ಹಣ್ಣಿನ ತೋಟದ ನಾಡು, ದಶಕಗಳಿಂದ ಟೋರಿ ಕೋಟೆ. 81 ಸ್ಥಾನದಲ್ಲಿ ರಿಫಾರ್ಮ್ 57, ಟೋರಿ 5.

ಡರಮ್. ಈಶಾನ್ಯದ ಗಣಿ ಸೀಮೆ, ಲೇಬರ್‌ನ ತವರು ಅನ್ನಬಹುದು. 98 ಸ್ಥಾನದಲ್ಲಿ ರಿಫಾರ್ಮ್ 65, ಲೇಬರ್ 4.

ಒಂದೇ ದಿನ, ಒಂದೇ ಪಕ್ಷ, ಎರಡು ಮನೆಗೂ ನುಗ್ಗಿತು. ಅದೇ ದಿನ ರನ್‌ಕಾರ್ನ್ ಅಂಡ್ ಹೆಲ್ಸ್‌ಬಿ ಉಪಚುನಾವಣೆಯಲ್ಲಿ, ಲೇಬರ್ ಹತ್ತು ತಿಂಗಳ ಹಿಂದೆ 14 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದ ಸೀಟನ್ನು ರಿಫಾರ್ಮ್ ಮರುಎಣಿಕೆ ಆಗಿ 6 ಓಟಿನಿಂದ ಕಿತ್ತುಕೊಂಡಿತು.

ಇದರ ಗುಟ್ಟು ಶೇಕಡಾವಾರಿನಲ್ಲಿದೆ. ಈ ಪದ್ಧತಿಯಲ್ಲಿ ಹೊಸ ಪಕ್ಷಕ್ಕೆ ಒಂದು ಹೊಸ್ತಿಲು ಇರುತ್ತದೆ. ಹೊಸ್ತಿಲ ಆಚೆ ಇರುವವರೆಗೆ ಪದ್ಧತಿ ಅದನ್ನು ಹಿಂಡುತ್ತದೆ. 1983ರಲ್ಲಿ ಎಸ್‌ಡಿಪಿ ಎಂಬ ಹೊಸ ಪಕ್ಷ ಮತ್ತು ಲಿಬರಲ್ ಮೈತ್ರಿಕೂಟಕ್ಕೆ ನೂರಕ್ಕೆ 25.4 ಓಟು ಬಿದ್ದಿತ್ತು. ಲೇಬರ್‌ಗೆ 27.6. ಸೀಟು ಮಾತ್ರ ಲೇಬರ್‌ಗೆ 209, ಇವರಿಗೆ 23! ಎರಡೇ ಎರಡು ಶೇಕಡಾ ವ್ಯತ್ಯಾಸ. ಆದರೆ ಐದಾರು ಪಕ್ಷ ಓಟು ಹಂಚಿಕೊಳ್ಳುವ ಕಾಲದಲ್ಲಿ ಒಂದು ಪಕ್ಷ 30ರ ಹತ್ತಿರ ಬಂದು, ಉಳಿದವರೆಲ್ಲ 20ರ ಆಸುಪಾಸಿನಲ್ಲಿ ಇದ್ದರೆ, ಅದೇ ಪದ್ಧತಿ ಅವರಿಗೇ ರಾಶಿ ಸೀಟು ಸುರಿಯುತ್ತದೆ. 2024ರಲ್ಲಿ ಲೇಬರ್‌ಗೆ ಆದ ಲಾಭವೇ ಮುಂದೆ ರಿಫಾರ್ಮ್‌ಗೆ ಆಗಬಹುದು. 2025ರ ಮೇ ನಂತರ ಹೆಚ್ಚಿನ ಸಮೀಕ್ಷೆಗಳಲ್ಲಿ ಅವರು ಮೊದಲ ಸ್ಥಾನದಲ್ಲೇ ಇದ್ದಾರೆ. 2024ರಲ್ಲಿ ರಿಫಾರ್ಮ್ ಎರಡನೇ ಸ್ಥಾನಕ್ಕೆ ಬಂದ ಕ್ಷೇತ್ರ 98. ಅದರಲ್ಲಿ 89 ಲೇಬರ್ ಗೆದ್ದವು. ಇದನ್ನು ಓದಿದ ಮೇಲೂ ಟೋರಿಗಳ ತಲೆನೋವು ಮಾತ್ರ ಅನ್ನುವವರು ಇದ್ದಾರಾ?

ಪದ್ಧತಿ ಬದಲಿಸುವ ಅವಕಾಶ ಒಮ್ಮೆ ಬಂದಿತ್ತು. 2011ರ ಮೇ ತಿಂಗಳಲ್ಲಿ ಜನಮತ ಕೇಳಿದರು, ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಬೇಡ ಅನ್ನಿ ಅಂತ ಟೋರಿಗಳು ಊರೂರು ಸುತ್ತಿದರು, ಲೇಬರ್ ಸಂಸದರಲ್ಲೂ ತುಂಬಾ ಜನ ಜೊತೆಗೂಡಿದರು. ಹಳೇ ಗೋಡೆ ತಮ್ಮನ್ನು ಕಾಯುತ್ತದೆ ಅಂತ ನಂಬಿದ್ದರು.

ಸ್ಲೌ ಸಂಪಿಗೆ

ನೀವೆಲ್ಲ ಯಾರು ಗೆಲ್ಲುತ್ತಾರೆ ಅಂತ ಮಾತಾಡುತ್ತಿದ್ದೀರಿ. ನನಗೆ ನಿದ್ದೆ ಬರದಿರುವುದು ಬೇರೆ ಕಾರಣಕ್ಕೆ. ನಾವು 2021ರ ಕೊನೆಗೆ ಬಂದವರು, ನನ್ನ ಗಂಡ ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಐದು ವರ್ಷ ತುಂಬಿದರೆ ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ), ಆಮೇಲೆ ಮನೆ ತಗೊಳ್ಳೋಣ, ಅಮ್ಮನನ್ನು ಧೈರ್ಯವಾಗಿ ಕರೆಸೋಣ ಅಂತ ದಿನ ಎಣಿಸುತ್ತಿದ್ದೆವು. ಮೇ 1ಕ್ಕೆ ಆ ಸ್ಥಳೀಯ ಚುನಾವಣೆ. ಮೇ 12ಕ್ಕೆ ಲೇಬರ್ ಸರ್ಕಾರದ ಶ್ವೇತಪತ್ರ. ಐದು ವರ್ಷವನ್ನು ಹತ್ತು ಮಾಡುತ್ತೇವೆ ಎಂದರು. ಶ್ವೇತಪತ್ರ ಮೊದಲೇ ತಯಾರಾಗುತ್ತಿತ್ತು, ಗೊತ್ತು. ಆದರೆ ಆ ದಿನ ಪ್ರಧಾನಿ ಸ್ಟಾರ್ಮರ್ ಬಾಯಲ್ಲಿ ಬಂದ 'ಅಪರಿಚಿತರ ದ್ವೀಪ' ಎಂಬ ಮಾತು ಯಾರನ್ನು ಮೆಚ್ಚಿಸಲು ಬಂದದ್ದು ಅಂತ ಎಲ್ಲರಿಗೂ ತಿಳಿಯಿತು. ಹಾಗೆ ಹೇಳಬಾರದಿತ್ತು ಅಂತ ಅವರೇ ಆಮೇಲೆ ಒಪ್ಪಿಕೊಂಡರು. ಜುಲೈನಲ್ಲಿ ಸ್ಕಿಲ್ಡ್ ವರ್ಕರ್ ಸಂಬಳದ ಮಿತಿ 41,700 ಪೌಂಡ್‌ಗೆ ಏರಿತು. ಸೆಪ್ಟೆಂಬರ್‌ನಲ್ಲಿ ಫರಾಜ್ ಇನ್ನೂ ಮುಂದೆ ಹೋಗಿ, ಐಎಲ್‌ಆರ್ ಅನ್ನುವುದನ್ನೇ ತೆಗೆದುಹಾಕುತ್ತೇನೆ, ಐದೈದು ವರ್ಷಕ್ಕೆ ಹೊಸ ವೀಸಾ ಕೇಳಿ ಎಂದರು.

ರಿಫಾರ್ಮ್ ಅಧಿಕಾರಕ್ಕೆ ಬರಲಿ, ಬಿಡಲಿ. ನಮ್ಮ ಬದುಕಿನ ಐದು ವರ್ಷ ಈಗಲೇ ತಕ್ಕಡಿಯಲ್ಲಿದೆ. ನಾನು ಅಮ್ಮನಿಗೆ ಇನ್ನೂ ಹೇಳಿಲ್ಲ.

ರೆಡಿಂಗ್ ರಾಗಿ

ಸಂಪಿಗೆ ಅವರೇ, ಧೈರ್ಯ ತಗೊಳ್ಳಿ. ಈಗಾಗಲೇ ಇಲ್ಲಿ ಇರುವವರಿಗೆ ಹೇಗೆ ಅನ್ವಯ ಅನ್ನುವುದನ್ನು ಒಳ್ಳೆ ವಲಸೆ ವಕೀಲರ ಹತ್ತಿರವೇ ಕೇಳಿ, ಗುಂಪುಗಳಲ್ಲಿ ಹರಿದಾಡುವ ಫಾರ್ವರ್ಡ್ ನಂಬಬೇಡಿ.

ನೀವು ಹೇಳಿದ್ದೇ ನನ್ನ ಮಾತಿನ ತಿರುಳು. ಹಳೇ ಪಕ್ಷಗಳಿಗೆ ಈ ಪಕ್ಷ ಮಾಡುವ ಮೊದಲ ಹಾನಿ ಸೀಟಿನದಲ್ಲ, ಮಾತಿನದು. ಅವರದೇ ಮಾತು ಬಿಟ್ಟು ಇವರ ಮಾತು ಆಡಲು ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಓಟು ವಾಪಸ್ ಬರುತ್ತದಾ? ಸಂತೆಯಲ್ಲಿ ಅಸಲಿ ಅಂಗಡಿ ಇರುವಾಗ ನಕಲು ಮಾಲು ಯಾರು ಕೊಳ್ಳುತ್ತಾರೆ? ಲೀ ಆಂಡರ್ಸನ್ ದಾರಿ ನೋಡಿ. ಲೇಬರ್ ಕೌನ್ಸಿಲರ್ ಆಗಿದ್ದವರು, 2019ರಲ್ಲಿ ಆಶ್‌ಫೀಲ್ಡ್‌ನ ಟೋರಿ ಸಂಸದ, ಟೋರಿಗಳು ಉಪಾಧ್ಯಕ್ಷ ಸ್ಥಾನವನ್ನೂ ಕೊಟ್ಟರು, 2024ರ ಮಾರ್ಚ್‌ನಲ್ಲಿ ರಿಫಾರ್ಮ್‌ಗೆ ಹೋದರು. ಜನರೂ ಅವರ ಹಿಂದೆಯೇ ಹೋಗಿ ಆಶ್‌ಫೀಲ್ಡ್ ಅನ್ನು ರಿಫಾರ್ಮ್‌ಗೆ ಗೆಲ್ಲಿಸಿದರು. ಅಕ್ಕನ ಮ್ಯಾನ್ಸ್‌ಫೀಲ್ಡ್‌ಗೆ ತಾಗಿದ ಕ್ಷೇತ್ರ ಅದು. 2025ರ ಸೆಪ್ಟೆಂಬರ್‌ನಲ್ಲಿ ಟೋರಿ ಸಂಸದ ಡ್ಯಾನಿ ಕ್ರೂಗರ್ ಕೂಡ ಹೋದರು. ಟೋರಿಗಳು ರಿಫಾರ್ಮ್ ಹಾಗೆ ಮಾತಾಡಿದಷ್ಟೂ, ಆಚೆ ಹೋಗುವ ಕಾಲುದಾರಿ ಸವೆದು ರಸ್ತೆಯೇ ಆಗುತ್ತಿದೆ.

ಶಿವಮೊಗ್ಗ ಮಳೆ

ಹಾಗಾದರೆ ತಡೆಯುವ ದಾರಿಯೇ ಇಲ್ವಾ? ಕೇರ್‌ಫಿಲಿಯಲ್ಲಿ ರಿಫಾರ್ಮ್ ಸೋತಿತು ಅಂತ ಓದಿದೆನಲ್ಲ.

ಗದಗ ಗಿರಣಿ

ಸೋತಿತು. ಆದರೆ ಸೋಲಿಸಿದವರು ಯಾರು ನೋಡಿ. ವೇಲ್ಸ್‌ನ ಶಾಸನಸಭೆ ಸೆನೆಡ್‌ಗೆ ನಡೆದ ಉಪಚುನಾವಣೆ ಅದು. ಕೇರ್‌ಫಿಲಿ ಸೀಮೆ ನೂರು ವರ್ಷದಿಂದ ಲೇಬರ್‌ನದ್ದು. ಫಲಿತಾಂಶ: ವೇಲ್ಸ್‌ನ ಸ್ವಂತ ಪಕ್ಷ ಪ್ಲೈಡ್ ಕಮ್ರಿ ನೂರಕ್ಕೆ 47, ರಿಫಾರ್ಮ್ 36, ಲೇಬರ್ 11. ಟೋರಿಗಳು 2. ರಿಫಾರ್ಮ್ ಬರಬಾರದು ಅಂದುಕೊಂಡ ಲೇಬರ್ ಮತದಾರರು, ಯಾರು ತಡೆಯಬಲ್ಲರು ಅಂತ ಅಳೆದು ನೋಡಿ ಪ್ಲೈಡ್‌ಗೆ ಹಾಕಿದರು. ತಡೆ ಗೋಡೆ ನಿಂತಿತು, ಲೇಬರ್ ಆ ಗೋಡೆಯ ಅಡಿಯಲ್ಲಿ ಸಿಕ್ಕಿಕೊಂಡಿತು. ಇಷ್ಟು ವರ್ಷ ಲೇಬರ್ ಹೇಳುತ್ತಿದ್ದದ್ದು, ಟೋರಿ ಬೇಡ ಅಂದರೆ ನಮಗೇ ಹಾಕಬೇಕು ಅಂತ. ಈಗ ಜನ ಅದೇ ಲೆಕ್ಕ ಕಲಿತು ಬೇರೆಯವರಿಗೆ ಹಾಕುತ್ತಿದ್ದಾರೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಜೂನ್‌ನಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ಲೇಬರ್ ನೂರಕ್ಕೆ 31ರ ಚಿಲ್ಲರೆಯಲ್ಲಿ ಅಲ್ಲಿನ ಸ್ವಂತ ಪಕ್ಷ ಎಸ್‌ಎನ್‌ಪಿ ಕೈಯಿಂದ ಸೀಟು ಕಿತ್ತುಕೊಂಡಿತು. ರಿಫಾರ್ಮ್ 26 ತಗೊಂಡು ಮೂರನೇ ಸ್ಥಾನ. ಮೂವರೂ ಇಷ್ಟು ಹತ್ತಿರ ಇರುವಾಗ ಯಾವ ಕ್ಷೇತ್ರದಲ್ಲಿ ಯಾರು ಅಂತ ಮೊದಲೇ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಮೈಸೂರು ಮಲ್ಲಿಗೆಹಾರ

ಏನೇ ಆಗಲಿ, ನಮಗೆ ಇದರಲ್ಲಿ ಏನು ಕೆಲಸ? ಇಂಡಿಯನ್ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ಓಟೇ ಇಲ್ಲ. ನೋಡುತ್ತಾ ಕೂರುವುದು ಅಷ್ಟೆ.

ಎಣಿಕೆ ಮೇಜು

ಇದು ತಪ್ಪು, ದಯವಿಟ್ಟು ಯಾರೂ ಹೀಗೆ ನಂಬಿಕೊಂಡು ಸುಮ್ಮನಿರಬೇಡಿ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ಪ್ರಜೆಗಳು ವೀಸಾ ಮೇಲೆ ಇಲ್ಲಿ ಕಾನೂನು ಪ್ರಕಾರ ವಾಸವಾಗಿದ್ದರೆ ಸ್ಥಳೀಯ ಚುನಾವಣೆಗೂ ಸಂಸತ್ ಚುನಾವಣೆಗೂ ಓಟು ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಹೆಸರು ನೋಂದಾಯಿಸಿಕೊಳ್ಳಬೇಕು, ಆನ್‌ಲೈನ್‌ನಲ್ಲಿ ಆಗುತ್ತದೆ. ಇಂಗ್ಲೆಂಡಿನ ಸ್ಥಳೀಯ ಚುನಾವಣೆಗೂ ಸಂಸತ್ ಚುನಾವಣೆಗೂ ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತು ಬೇಕು, ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತದೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಸಮಯ ಇರುತ್ತದೆ. ಆರು ಓಟಿಗೆ ಸೀಟು ಹೋದ ದೇಶ ಇದು. ನಾನು ಎಣಿಸಿದ ಕಟ್ಟುಗಳಲ್ಲಿ ನಮ್ಮವರ ಚೀಟಿ ಎಷ್ಟಿತ್ತೋ ಗೊತ್ತಿಲ್ಲ, ಆದರೆ ನನ್ನ ಬೀದಿಯಲ್ಲೇ ನಾಲ್ಕು ಕನ್ನಡ ಮನೆಗಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕೇಳಿದರೆ ಎಲ್ಲರೂ ಹೇಳಿದ್ದು ನೀವು ಹೇಳಿದ್ದನ್ನೇ.

ಮೈಸೂರು ಮಲ್ಲಿಗೆಹಾರ

ಅಯ್ಯೋ, ಇದು ನಿಜವಾಗಿ ಗೊತ್ತಿರಲಿಲ್ಲ. ಕ್ಷಮಿಸಿ. ಡಾರ್ಬಿಯಲ್ಲಿರುವ ಮಗಳಿಗೆ ಇವತ್ತೇ ಹೇಳುತ್ತೇನೆ.

ಸ್ಲೌ ಸಂಪಿಗೆ

ನಾನೂ ಈಗಷ್ಟೇ ನೋಂದಾಯಿಸಿದೆ. ಹತ್ತು ನಿಮಿಷವೂ ಆಗಲಿಲ್ಲ. ನಾಲ್ಕು ವರ್ಷ ಸುಮ್ನೆ ಕಳೆದೆ.

ಟ್ರೆಂಟ್ ದಂಡೆ

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ತುಂಬಾ ಸಂತೋಷ. ಎರಡು ಮಾತು ಸೇರಿಸುತ್ತೇನೆ.

ಹಾಸನ ಅವರ ಹೊಸ್ತಿಲಿನ ಮಾತು ನನಗೆ ಕಣ್ಣು ತೆರೆಸಿತು. ಇದೇ ದೇಶದಲ್ಲಿ ನೂರು ವರ್ಷದ ಹಿಂದೆ ಲೇಬರ್ ಹೀಗೇ ಹೊಸ್ತಿಲು ದಾಟಿ ಬಂದದ್ದು. 1906ರಲ್ಲಿ ಲಿಬರಲ್ ಪಕ್ಷ ಭಾರಿ ಬಹುಮತದಲ್ಲಿ ಗೆದ್ದಿತ್ತು. 1924ಕ್ಕೆ 40 ಸೀಟಿಗೆ ಇಳಿಯಿತು, ಆಮೇಲೆ ಇವತ್ತಿನವರೆಗೂ ಸ್ವಂತ ಬಲದಿಂದ ಅಧಿಕಾರ ಹಿಡಿದಿಲ್ಲ. ಹಾಗಾಗಿ ದೊಡ್ಡ ಪಕ್ಷ ಸಾಯುವುದಿಲ್ಲ ಅಂತ ಯಾರೂ ಹೇಳಬೇಡಿ. ಕೆನಡಾದಲ್ಲಿ 1993ರಲ್ಲಿ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷ 2 ಸೀಟಿಗೆ ಬಂತು. ಅಲ್ಲಿ ಅವರ ಓಟು ತಿಂದ ಪಕ್ಷದ ಹೆಸರೂ ರಿಫಾರ್ಮ್.

ಎರಡನೆಯದು, ನಿನ್ನೆ ಸಂಜೆಯದು. ಈ ಚರ್ಚೆ ಓದುತ್ತಾ ಕೂತವಳಿಗೆ ಮನಸ್ಸು ತಡೆಯದೆ ಅಜ್ಜನ ಮನೆಗೆ ಹೋದೆ. ಪೋಸ್ಟರ್ ಈಗ ಇಲ್ಲ, ಬಿಸಿಲಿಗೆ ಬಣ್ಣ ಹೋಗಿತ್ತು ಅಂತ ಕಿತ್ತರಂತೆ. ಸಂಪಿಗೆಯವರ ಐಎಲ್‌ಆರ್ ವಿಷಯ ಹೇಳಿದೆ, ಹೆಸರು ಹೇಳದೆ. ಅವರಿಗೆ ಐಎಲ್‌ಆರ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಐದು ವರ್ಷ ತೆರಿಗೆ ಕಟ್ಟಿ, ವೀಸಾ ಹಣ ಕಟ್ಟಿ, ಆಸ್ಪತ್ರೆಗೆ ಅಂತ ಬೇರೆ ಹಣ ಕಟ್ಟಿ ಕಾಯುತ್ತಾರೆ ಅಂತ ವಿವರಿಸಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಂತ ಯಾರೂ ನನಗೆ ಹೇಳಲಿಲ್ಲವಲ್ಲ ಎಂದರು. ಲೇಬರ್‌ನವರು ಕೊನೆಯ ಸಲ ನಿಮ್ಮ ಬಾಗಿಲು ತಟ್ಟಿದ್ದು ಯಾವಾಗ ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು. ಹೆಂಡತಿ ಬದುಕಿದ್ದಾಗ ಎಂದರು. ಅವರು ತೀರಿಕೊಂಡು ಒಂಬತ್ತು ವರ್ಷ ಆಗಿದೆ. ರಿಫಾರ್ಮ್ ಹುಡುಗರು ಮಾರ್ಚ್‌ನಿಂದ ಮೇ ಒಳಗೆ ಮೂರು ಸಲ ಬಂದಿದ್ದರಂತೆ.

ಮುಂದಿನ ಸಲ ಯಾರಿಗೆ ಹಾಕುತ್ತೀರಿ ಅಂತ ನಾನು ಕೇಳಲಿಲ್ಲ. ಹೊರಡುವಾಗ ಅವರೇ, ನಿನಗೆ ಓಟು ಇದೆಯಾ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ಇಬ್ಬರೂ ಒಟ್ಟಿಗೇ ಹೋಗೋಣ, ನನಗೆ ಆ ಚರ್ಚ್ ಹಾಲಿನ ಮೆಟ್ಟಿಲು ಹತ್ತುವುದು ಈಗ ಕಷ್ಟ ಎಂದರು.